ನಾಲ್ಕಕ್ಷರದ ನಾಮಕರಣ

ನನ್ನ ತಂಗಿಯ ಮೊಮ್ಮಗಳೊಬ್ಬಳು ಮಲೆನಾಡಿನ ಸೆರಗಿನಲ್ಲಿರುವ ಒಂದು ಕಾಲೇಜಿನಲ್ಲಿ ಅಧ್ಯಾಪಿಕೆಯಾಗಿದ್ದಾಳೆ. ಆ ಕಾಲೇಜಿಗೆ ಸಮುದಾಯ ಬಾನುಲಿ ಕೇಂದ್ರವೊಂದನ್ನು ನಡೆಸಲು ದಿಲ್ಲಿಯಿಂದ ಅನುಮತಿ ದೊರೆತ ಸಂತೋಷವನ್ನು ತಿಳಿಸುತ್ತ, ನೂರು ವ್ಯಾಟಿನ ಪ್ರಸಾರಯಂತ್ರ, ಅದಕ್ಕೆ ತಕ್ಕ ಕಂಬ, ಗೋಡೆಗೆ ಮೆತ್ತೆ ಹೊದಿಸಿದ ಧ್ವನಿಮುದ್ರಣದ ಕೋಣೆ ಇವೆಲ್ಲವೂ ಸಿದ್ಧವಾಗಿದ್ದರೂ ಕೇಂದ್ರದ ಹೆಸರು ಮಾತ್ರ ಇನ್ನೂ ನಿಶ್ಚಯವಾಗಿಲ್ಲವೆಂದೂ, ಆಡಳಿತ ಮಂಡಳಿಯವರು ಒಂದು ಪಟ್ಟಿಯನ್ನು ಮಾಡಿರುವರೆಂದೂ ಬರೆದು, "ತಾತ, ನೀವು ಅಮೆರಿಕದಲ್ಲಿ ರೇಡಿಯೋ ಕೆಲಸ ನೋಡಿದವರು. ಇದರಲ್ಲಿ ಯಾವುದನ್ನು ಇಡೋಣ, ನೀವೇ ಹೇಳಿ" ಎಂದು ಕೇಳಿದ್ದಳು. ಪಟ್ಟಿಯನ್ನು ಓದಿದೆ. ಸಂಸ್ಥಾಪಕರ ಹೆಸರು ಅದರಲ್ಲಿತ್ತು. ಪೇಟೆಯ ಎಫ್‌ಎಂ ಕೇಂದ್ರಗಳನ್ನು ಅನುಸರಿಸಿ ಕಟ್ಟಿದ ಥಳುಕಿನ ಹೆಸರುಗಳಿದ್ದವು. ಒಂದೆರಡು ಗಂಭೀರವಾದ ಸಂಸ್ಕೃತ ಶಬ್ದಗಳೂ ಇದ್ದವು. ಊರಿನ ಹೆಸರಾಗಲಿ, ಊರಿಗೆ ನೀರು ಕೊಡುವ ಹೊಳೆಯ ಹೆಸರಾಗಲಿ, ಅಲ್ಲಿನ ಜನ ದಿನನಿತ್ಯ ಬಾಯಲ್ಲಿ ಆಡತಕ್ಕ ಒಂದು ಮಾತಾಗಲಿ ಇರಲಿಲ್ಲ. ಯಾರು ಕುಳಿತು ಈ ಪಟ್ಟಿಯನ್ನು ಮಾಡಿದರೋ ಎಂದು ಯೋಚಿಸುತ್ತಿದ್ದಂತೆಯೇ, ಅರ್ಧ ಶತಮಾನಕ್ಕೂ ಹಿಂದೆ, ಇಂಥದೇ ಒಂದು ಹೆಸರಿಗಾಗಿ ಉದ್ದನೆಯ ಮೇಜಿನ ಸುತ್ತ ಕುಳಿತಿದ್ದ ಕೆಲವು ಮುಖಗಳು, ನಾನು ಕರೆಯದೆಯೇ, ಒಂದೊಂದಾಗಿ ಎದುರಿಗೆ ಬಂದು ನಿಂತವು.

1960ರ ದಶಕದ ಆರಂಭದ ಮಾತು. ಮೈಸೂರಿನಲ್ಲಿ ಪದವಿಯನ್ನು ಮುಗಿಸಿ ಉಚ್ಚ ವ್ಯಾಸಂಗಕ್ಕೆಂದು ಅಮೆರಿಕೆಗೆ ಹೋಗಿದ್ದ ನಾನು, ಅಯೋವಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ಪಶ್ಚಿಮ ದಂಡೆಯ ಮೇಲಿದ್ದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ, ಊಟದ ಖರ್ಚನ್ನು ದುಡಿದುಕೊಳ್ಳುವ ಸಲುವಾಗಿ ಧ್ವನಿಯಂತ್ರಗಳ ಕೋಣೆಯಲ್ಲಿ ಸಹಾಯಕನಾಗಿ ಸೇರಿದ್ದೆ. ಆ ದೇಶದ ಬಾನುಲಿಯ ಮೇಲ್ವಿಚಾರಣೆಯನ್ನು ನೋಡಿಕೊಳ್ಳುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನು, ಕಾಲೇಜುಗಳೂ ಶಾಲೆಗಳೂ ಲಾಭದ ಉದ್ದೇಶವಿಲ್ಲದೆ ಹತ್ತು ವ್ಯಾಟಿನಷ್ಟು ಅಲ್ಪಶಕ್ತಿಯ ಎಫ್‌ಎಂ ಕೇಂದ್ರಗಳನ್ನು ನಡೆಸಬಹುದೆಂದು 1948ರಲ್ಲಿಯೇ ಅನುಮತಿ ಕೊಟ್ಟಿತ್ತು. ಹತ್ತು ವ್ಯಾಟೆಂದರೆ ಆ ಕಾಲದ ಮನೆಯ ಒಂದು ಮಂದದೀಪಕ್ಕೂ ಸಾಲದ ಶಕ್ತಿ. ಆದಾಗ್ಯೂ ಎತ್ತರದ ಗುಡ್ಡದ ಮೇಲೆ ಕಂಬ ನೆಟ್ಟರೆ ಊರಿನ ಮನೆಗಳಿಗೂ ಸುತ್ತಲಿನ ಕೆಲವು ತೋಟದ ಮನೆಗಳಿಗೂ ಧ್ವನಿ ಮುಟ್ಟುತ್ತಿತ್ತು. ನಮ್ಮ ಕಾಲೇಜಿಗೆ ನಿರ್ಮಾಣದ ಪರವಾನಗಿ ಬಂದದ್ದು ಒಂದು ಚಳಿಗಾಲದಲ್ಲಿ. ಅದರ ತರುವಾಯ ಮಾಡತಕ್ಕ ಮೊದಲ ಕೆಲಸವೆಂದರೆ ಕೇಂದ್ರಕ್ಕೆ ಕಾಲ್ ಲೆಟರ್ಸ್, ಎಂದರೆ ಕರೆಯಕ್ಷರಗಳನ್ನು, ಆರಿಸಿ ವಾಷಿಂಗ್ಟನ್ನಿಗೆ ಅರ್ಜಿ ಕಳುಹಿಸುವುದು.

ನನಗೆ ಆ ಪದ್ಧತಿಯೇ ಹೊಸದು. ನಮ್ಮಲ್ಲಿಯೂ ಆಲ್ ಇಂಡಿಯಾ ರೇಡಿಯೋದ ಕೇಂದ್ರಗಳಿಗೆ ಅಕ್ಷರಗಳಿದ್ದವು, ದಿಲ್ಲಿಗೆ ವಿ.ಯು.ಡಿ., ಮುಂಬಯಿಗೆ ವಿ.ಯು.ಬಿ., ಮದರಾಸಿಗೆ ವಿ.ಯು.ಎಂ., ತಿರುಚಿರಾಪಳ್ಳಿಗೆ ವಿ.ಯು.ಟಿ. ಎಂದು. ಆದರೆ ಅವು ಇಂಜಿನಿಯರುಗಳ ಕಡತದಲ್ಲಿಯೂ ಕಾರ್ಯಕ್ರಮ ಪತ್ರಿಕೆಯ ಮೂಲೆಯಲ್ಲಿಯೂ ಉಳಿದವೇ ಹೊರತು ಕೇಳುವವರ ನಾಲಗೆಗೆ ಬರಲಿಲ್ಲ. ಅಮೆರಿಕದಲ್ಲಿ ಆಗ ಹಾಗಿರಲಿಲ್ಲ. ಅಲ್ಲಿ ಕೇಂದ್ರಕ್ಕೆ ಬೇರೆ ಹೆಸರೇ ಇರಲಿಲ್ಲ. ಮೂರೋ ನಾಲ್ಕೋ ಅಕ್ಷರಗಳೇ ಅದರ ನಾಮಧೇಯ, ವಿಳಾಸ, ರುಜು ಎಲ್ಲವೂ. ದಿನದ ಪ್ರಸಾರದ ಆರಂಭದಲ್ಲಿಯೂ ಮುಕ್ತಾಯದಲ್ಲಿಯೂ, ನಡುವೆ ಗಂಟೆಗೊಂದು ಸಲವೂ, ಆ ಅಕ್ಷರಗಳನ್ನೂ ಅವುಗಳ ಜೊತೆಗೆ ಊರಿನ ಹೆಸರನ್ನೂ ಸ್ಪಷ್ಟವಾಗಿ ಉಚ್ಚರಿಸಲೇಬೇಕೆಂಬುದು ಕಾನೂನು. ಮಿಸಿಸಿಪ್ಪಿಯ ಪೂರ್ವಕ್ಕಿರುವ ಕೇಂದ್ರಗಳ ಮೊದಲಕ್ಷರ ಡಬ್ಲ್ಯು, ಪಶ್ಚಿಮಕ್ಕಿರುವವುಗಳದು ಕೆ. ನಮ್ಮ ಕಾಲೇಜಿನ ಗುಡ್ಡದ ಮೇಲೆ ನಿಂತರೆ ಸೇತುವೆಯಾಚೆ ಇಲಿನಾಯ್ ರಾಜ್ಯದ ಊರಿನ ದೀಪಗಳು ಕಾಣುತ್ತಿದ್ದವು. ಆ ದೀಪಗಳು ಡಬ್ಲ್ಯುವಿಗೆ ಸೇರಿದವು, ನಾವು ಕೆಗೆ ಸೇರಿದವರು. ನದಿಯೊಂದು ಆಕಾಶದಲ್ಲಿ ಹರಡುವ ಧ್ವನಿಗೂ ಗಡಿಯಾಗಬಲ್ಲುದೆಂಬುದು, ಕಾವೇರಿಯ ದಂಡೆಯ ಸೀಮೆಯಲ್ಲಿ ಹುಟ್ಟಿಬೆಳೆದ ನನಗೆ ಬಹಳ ದಿನ ಬೆರಗಿನ ವಿಷಯವಾಗಿತ್ತು.

ಆ ಗಡಿಯೂ ಸನಾತನವಾದುದಲ್ಲ. 1923ರ ಆರಂಭಕ್ಕೆ ಮೊದಲು ಎಲ್ಲೆ ಇನ್ನೂ ಪಶ್ಚಿಮಕ್ಕಿದ್ದ ಕಾರಣ ಅಯೋವಾದ ಹಳೆಯ ಕೇಂದ್ರಗಳಲ್ಲಿ ಹಲವು ಡಬ್ಲ್ಯುವನ್ನೇ ಉಳಿಸಿಕೊಂಡಿದ್ದವು. ಡ್ಯಾವೆನ್‌ಪೋರ್ಟಿನ ಡಬ್ಲ್ಯು.ಓ.ಸಿ., ಏಮ್ಸಿನ ಡಬ್ಲ್ಯು.ಓ.ಐ. ಈ ಬಗೆಯವು. ಡಬ್ಲ್ಯು.ಓ.ಸಿ. ಎಂಬುದನ್ನು, ಮೂಳೆ ಸರಿಪಡಿಸುವ ಚಿಕಿತ್ಸೆಯ ಪಾಮರ್ ವಿದ್ಯಾಲಯದವರು, 'ವಂಡರ್ಸ್ ಆಫ್ ಕೈರೋಪ್ರಾಕ್ಟಿಕ್' ಎಂದು ಬಿಡಿಸಿ ಹೇಳುತ್ತಿದ್ದರು. ಪೂರ್ವದಲ್ಲಿದ್ದೂ ಕೆಯನ್ನು ಧರಿಸಿದ್ದು ಪಿಟ್ಸ್‌ಬರ್ಗಿನ ಕೆ.ಡಿ.ಕೆ.ಎ.; 1920ರ ನವೆಂಬರ್ 2ರಂದು ರಾಷ್ಟ್ರಾಧ್ಯಕ್ಷರ ಚುನಾವಣೆಯ ಫಲಿತಾಂಶವನ್ನು ಬಿತ್ತರಿಸಿ ಹೆಸರಾದ ಆ ಕೇಂದ್ರಕ್ಕೆ ದೊರೆತದ್ದು ಹಡಗುಗಳಿಗೆ ಸರದಿಯಂತೆ ಹಂಚುತ್ತಿದ್ದ ಅಕ್ಷರಮಾಲೆಯ ಒಂದು ತುಣುಕು. ಅದಕ್ಕೆ ಅರ್ಥವಿಲ್ಲ, ಅರ್ಥವಿಲ್ಲದಿದ್ದರೂ ಆ ಊರಿನವರಿಗೆ ಅದು ಕುಲನಾಮದಷ್ಟು ಪ್ರಿಯವಾಯಿತು.

ಅಕ್ಷರಗಳನ್ನು ಬಿಡಿಸಿ ಓದುವ ಆಟದಲ್ಲಿ ನಾನು ಆಗ ಬಹು ಆಸಕ್ತನಾಗಿದ್ದೆ. ಷಿಕಾಗೋದ ಡಬ್ಲ್ಯು.ಜಿ.ಎನ್. ಎಂದರೆ 'ವರ್ಲ್ಡ್ಸ್ ಗ್ರೇಟೆಸ್ಟ್ ನ್ಯೂಸ್‌ಪೇಪರ್', ಎಂದರೆ ಅದರ ಆಗಿನ ಒಡೆಯರಾದ ಟ್ರಿಬ್ಯೂನ್ ಪತ್ರಿಕೆಯ ಆತ್ಮಪ್ರಶಂಸೆ. ಅದೇ ನಗರದ ಡಬ್ಲ್ಯು.ಎಲ್.ಎಸ್. ಎಂದರೆ 'ವರ್ಲ್ಡ್ಸ್ ಲಾರ್ಜೆಸ್ಟ್ ಸ್ಟೋರ್', ಅದನ್ನು ಸ್ಥಾಪಿಸಿದ ಸಿಯರ್ಸ್ ಅಂಗಡಿಯವರದು, ನ್ಯಾಶ್‌ವಿಲ್ಲಿನ ಡಬ್ಲ್ಯು.ಎಸ್.ಎಂ. ಎಂದರೆ 'ವೀ ಶೀಲ್ಡ್ ಮಿಲಿಯನ್ಸ್', ಲಕ್ಷಾಂತರ ಜನಕ್ಕೆ ನಾವೇ ರಕ್ಷೆ ಎಂದು ಹೇಳಿಕೊಂಡ ವಿಮಾ ಕಂಪೆನಿಯದು. ಈ ಚಾತುರ್ಯವನ್ನೆಲ್ಲ ಮೆಚ್ಚಿ, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮೈಸೂರಿನ ಸ್ನೇಹಿತರಿಗೆ ಕಾಗದಗಳಲ್ಲಿ ವರ್ಣಿಸುತ್ತಿದ್ದೆ. ಈಗ ಅದನ್ನು ತೆರೆದು ನೋಡಿದರೆ ಮೆಚ್ಚುಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಗಂಟೆಗೊಮ್ಮೆ, ಕಾನೂನಿನ ಆಜ್ಞೆಯಂತೆ, ಅಂಗಡಿಯ ಜಾಹೀರಾತನ್ನು ಸಾರ್ವಜನಿಕರ ಆಕಾಶದಲ್ಲಿ ಉಚ್ಚರಿಸಿದಂತಾಯಿತಷ್ಟೆ. ನನ್ನ ಪುಸ್ತಕದಲ್ಲಿ ಎರಡನೆಯ ಪುಟಕ್ಕೆ ಬಿದ್ದಿದ್ದ ಡಬ್ಲ್ಯು.ಸಿ.ಎಫ್.ಎಲ್. ಎಂಬ ಷಿಕಾಗೋ ಕಾರ್ಮಿಕ ಒಕ್ಕೂಟದ ಕೇಂದ್ರವನ್ನೂ, ಕಾರ್ಮಿಕ ನಾಯಕ ಯೂಜಿನ್ ವಿ. ಡೆಬ್ಸರು ತೀರಿಕೊಂಡ ಮರುವರ್ಷ, 1927ರಲ್ಲಿ, ಅವರ ನೆನಪಿಗೆಂದು ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಡಬ್ಲ್ಯು.ಇ.ವಿ.ಡಿ.ಯನ್ನೂ ಇಂದು ಬರೆಯುವುದಾದರೆ ಮೊದಲ ಪುಟದಲ್ಲಿಯೇ ಬರೆಯುತ್ತಿದ್ದೆ. ಆದರೂ ಡಬ್ಲ್ಯು.ಎಸ್.ಎಮ್ಮಿನ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು: ಶನಿವಾರದ ರಾತ್ರಿ ಅಲ್ಲಿಂದ ಬರುತ್ತಿದ್ದ ಗ್ರ್ಯಾಂಡ್ ಓಲ್ ಓಪ್ರಿಯ ಹಳ್ಳಿಗಾಡಿನ ಸಂಗೀತವನ್ನು ಕೇಳಲು ನಾನು ವಾಸವಾಗಿದ್ದ ಮನೆಯ ಯಜಮಾನಿ ಅಡಿಗೆಮನೆಯ ಕೆಲಸವನ್ನು ಬೇಗನೆ ಮುಗಿಸಿ ಬರುತ್ತಿದ್ದಳು, ಮತ್ತು ಆ ಅಕ್ಷರಗಳ ಹಿಂದೆ ವಿಮಾ ಕಂಪೆನಿ ಇರುವುದು ಆಕೆಗೆ ಗೊತ್ತೇ ಇರಲಿಲ್ಲ.

ನಮ್ಮ ಧ್ವನಿಕೋಣೆಯ ಮುಖ್ಯಸ್ಥರು ಯುದ್ಧಕಾಲದಲ್ಲಿ ಸರಕು ಹಡಗುಗಳ ಮೇಲೆ ನಿಸ್ತಂತು ಯಂತ್ರವನ್ನು ನಡೆಸಿದ್ದ ವೃದ್ಧ ಇಂಜಿನಿಯರು. ಮಾತು ಕಡಮೆ, ಸಹನೆಯೂ ಕಡಮೆ, ಆದರೆ ಒಬ್ಬ ಪರದೇಶಿ ಹುಡುಗನಿಗೆ ಬೆಸುಗೆಯ ಕಡ್ಡಿಯನ್ನು ಹಿಡಿಯುವ ರೀತಿಯಿಂದ ಹಿಡಿದು ಹಿಮದಲ್ಲಿ ಜಾರದೆ ನಡೆಯುವ ರೀತಿಯವರೆಗೆ ಎಲ್ಲವನ್ನೂ ಕಲಿಸಿದ ಹೃದಯವಂತರು. ಕರೆಯಕ್ಷರವೆಂಬುದು ಹುಟ್ಟಿದ್ದೇ ಸಮುದ್ರದಲ್ಲಿ ಎಂದು ಮೊದಲು ತಿಳಿಸಿದವರು ಅವರು. 1912ರ ಏಪ್ರಿಲಿನಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಸಂಕೇತ ಎಂ.ಜಿ.ವೈ.; ಅಂದು ರಾತ್ರಿ ಆ ಮೂರು ಅಕ್ಷರಗಳನ್ನು ಮತ್ತೆ ಮತ್ತೆ ಬಡಿದು ಕೂಗಿದ ತಂತಿಯವರ ಕಥೆಯನ್ನು ಅವರು ಹೇಳುವಾಗ ಕೈಬೆರಳು ತಾನಾಗಿ ಮೇಜಿನ ಮೇಲೆ ಮೋರ್ಸ್ ಸಂಕೇತವನ್ನು ತಟ್ಟುತ್ತಿತ್ತು. ಅದೇ ವರ್ಷ ಅಮೆರಿಕದಲ್ಲಿ ರೇಡಿಯೋ ಕಾನೂನಾಯಿತು. ಕೂಗುವವನು ಯಾರು, ಎಲ್ಲಿರುವನು ಎಂಬುದು ಕೇಳುವವನಿಗೆ ತಿಳಿಯದೆ ಹೋದರೆ ಯಾರೂ ಯಾರನ್ನೂ ರಕ್ಷಿಸಲಾರರು, ಸುಳ್ಳು ಕೂಗಿದವನನ್ನು ಹಿಡಿದು ಕೇಳಲೂ ಆಗದು ಎಂಬುದು ಅವರ ವಾದ. ಸೊಗಸಾದ ಹೆಸರು ಅವರಿಗೆ ಬೇಕಿರಲಿಲ್ಲ. ತಪ್ಪಾಗಿ ಕೇಳಿಸದ ಹೆಸರು ಬೇಕಾಗಿತ್ತು.

ಆ ಕಾರಣ ಅವರು ಒಂದು ಪರೀಕ್ಷೆಯನ್ನು ಏರ್ಪಡಿಸಿದರು. ಓಣಿಯಂಥ ಉದ್ದನೆಯ ಮೊಗಸಾಲೆಯ ಈ ತುದಿಯಲ್ಲಿ ಮೈಕನ್ನು ಇಟ್ಟು, ಆ ತುದಿಯಲ್ಲಿ ಒಂದು ಹಳೆಯ ಸ್ಪೀಕರನ್ನು ಇಟ್ಟು, ನಡುವೆ ಧ್ವನಿಯ ಮೇಲಿನ ಸ್ವರಗಳನ್ನೆಲ್ಲ ಕತ್ತರಿಸುವ ಒಂದು ಸರ್ಕ್ಯೂಟನ್ನು ಕಟ್ಟಿ, ಜೊತೆಗೆ ನಲ್ಲಿಯಿಂದ ನೀರು ಸುರಿದಂತಹ ಗರಗರ ಸದ್ದನ್ನು ಬೆರೆಸಿ, ನನ್ನಿಂದ ನಾಲ್ಕು ನಾಲ್ಕಾಗಿ ಅಕ್ಷರಗಳನ್ನು ಓದಿಸುತ್ತಿದ್ದರು. ಆ ಕಡೆ ಕುಳಿತ ವಿದ್ಯಾರ್ಥಿಗಳು ಕೇಳಿದ್ದನ್ನು ಬರೆಯಬೇಕು. ಬಿ, ಸಿ, ಡಿ, ಜಿ, ಪಿ, ಟಿ, ವಿ ಇವೆಲ್ಲವೂ ಒಂದೇ ದೀರ್ಘ ಈಕಾರದಲ್ಲಿ ಮುಗಿಯುವುದರಿಂದ ಗದ್ದಲದಲ್ಲಿ ಒಂದೇ ಆಗಿಬಿಡುತ್ತವೆ. ಎಂ ಮತ್ತು ಎನ್‌ಗಳನ್ನು ಬೇರ್ಪಡಿಸುವುದು ದುಸ್ಸಾಧ್ಯ. ಎಫ್ ಮತ್ತು ಎಸ್‌ಗಳ ವ್ಯತ್ಯಾಸವೆಲ್ಲ ಕತ್ತರಿಸಿಹೋದ ಆ ಮೇಲಿನ ಸ್ವರಗಳಲ್ಲಿಯೇ ಇದೆ. ಹೀಗೆ ಕಾಗದದ ಮೇಲೆ ಶೋಭಿಸುತ್ತಿದ್ದ ಎಷ್ಟೋ ಹೆಸರುಗಳು ಮೊಗಸಾಲೆಯನ್ನು ದಾಟಲಾರದೆ ಬಿದ್ದವು. ಕೆ ಎಂಬುದು ಒಂದೇ ಪೆಟ್ಟಿಗೆ ಮುಗಿಯುವ ಗಟ್ಟಿ ಅಕ್ಷರ, ಡಬ್ಲ್ಯು ಎಂದು ಹೇಳುವಷ್ಟರಲ್ಲಿ ಅರ್ಧ ಉಸಿರು ಹೋಗುತ್ತದೆ, ದೇವರು ನಮ್ಮನ್ನು ನದಿಯ ಸರಿಯಾದ ದಂಡೆಯ ಮೇಲಿಟ್ಟಿದ್ದಾನೆ ಎಂದು ಅವರು ತೃಪ್ತಿಯಿಂದ ಹೇಳಿದ್ದು ನೆನಪಿದೆ.

ಪರೀಕ್ಷೆಯಲ್ಲಿ ತೇರ್ಗಡೆಯಾದುದು ಖಾಲಿ ಇರಬೇಕಲ್ಲವೆ? ಕೇಂದ್ರಗಳೂ ಹಡಗುಗಳೂ ಒಂದೇ ಅಕ್ಷರಭಂಡಾರವನ್ನು ಹಂಚಿಕೊಂಡಿದ್ದ ಕಾರಣ, ಯಾವುದೋ ಸಾಗರದಲ್ಲಿ ತೇಲುತ್ತಿರುವ ಹಡಗೊಂದು ನಮಗೆ ಬೇಕಾದ ನಾಲ್ಕನ್ನೇ ಹೊತ್ತುಕೊಂಡಿರಬಹುದು. ರಾಷ್ಟ್ರಾಧ್ಯಕ್ಷರ ಹೆಸರಿನ ಆದ್ಯಕ್ಷರಗಳನ್ನು ಅನುಮತಿಯಿಲ್ಲದೆ ಬಳಸಕೂಡದು, ಅಸಭ್ಯವಾಗಿ ಧ್ವನಿಸಕೂಡದು, ನೆರೆಯ ಕೇಂದ್ರದ ಹೆಸರಿನೊಡನೆ ಗೊಂದಲವಾಗಕೂಡದು. ನಾನೂ ಒಂದು ಸಲಹೆಯನ್ನು ಕೊಟ್ಟಿದ್ದೆ: ಕೆ.ಎ.ವಿ.ಐ. ಕೂಡಿಸಿ ಓದಿದರೆ ಕವಿ. ಮನೆಯ ಕಡೆಯ ಕಾಗದ ಬಾರದಿದ್ದ ಆ ವಾರದಲ್ಲಿ ಅಮೆರಿಕದ ಆಕಾಶದಿಂದ ಗಂಟೆಗೊಮ್ಮೆ ಒಂದು ನಮ್ಮ ಮಾತು ಹೊರಡಬೇಕೆಂಬ ಹಂಬಲ ನನಗೆ ಎಷ್ಟು ತೀವ್ರವಾಗಿತ್ತೆಂಬುದನ್ನು ಈಗ ವರ್ಣಿಸಲಾರೆ. ಕೇಂದ್ರಗಳ ಪಟ್ಟಿಯಲ್ಲಿ ಹುಡುಕಲಾಗಿ, ಅದು ಆಗಲೇ ಕೊಲೊರಾಡೊ ರಾಜ್ಯದ ಒಂದು ಕೇಂದ್ರದ್ದಾಗಿತ್ತು.

ಹೀಗೆ ಹುಡುಕಿದವಳು ಕಾಲೇಜಿನ ಕಚೇರಿಯ ಬೆರಳಚ್ಚುಗಾರ್ತಿ. ಆಕೆಯ ವಿಷಯವನ್ನು ಕೊಂಚ ವಿಸ್ತಾರವಾಗಿಯೇ ಬರೆಯಬೇಕು. ರೈಲ್ವೆಯಲ್ಲಿ ದುಡಿದವನ ಮಗಳು, ಗಂಡನನ್ನು ಕೊರಿಯದ ಯುದ್ಧದಲ್ಲಿ ಕಳೆದುಕೊಂಡವಳು, ಊರನ್ನು ಬಿಟ್ಟು ಎಂದೂ ಹೊರಗೆ ಇದ್ದವಳಲ್ಲ. ದೇಶದ ಎಲ್ಲ ಕೇಂದ್ರಗಳ ಹೆಸರುಗಳಿದ್ದ ಬ್ರಾಡ್‌ಕಾಸ್ಟಿಂಗ್ ಇಯರ್‌ಬುಕ್ ಎಂಬ ದಪ್ಪ ಗ್ರಂಥವನ್ನು ಮಡಿಲಲ್ಲಿಟ್ಟುಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಒಂದು ಕೈಯಲ್ಲಿ ಸೇಬುಹಣ್ಣನ್ನು ಕಚ್ಚುತ್ತ, ಇನ್ನೊಂದು ಕೈಯ ಪೆನ್ಸಿಲಿನಿಂದ ಕೆ ಅಕ್ಷರದ ಸಾಲುಗಳ ಮೇಲೆ ಮೆಲ್ಲನೆ ಇಳಿಯುತ್ತಿದ್ದಳು. ಯಾವ ಅಕ್ಷರಗುಂಪು ಇದ್ದಕ್ಕಿದ್ದಂತೆ ತಪ್ಪಿಹೋಗಿ ನಡುವೆ ತೆರಪು ಬಿದ್ದಿದೆಯೋ ಅದನ್ನು ಒಂದು ಚೀಟಿಯಲ್ಲಿ ಗುರುತು ಮಾಡುವಳು. ಚಳಿಗೆ ಒದ್ದಾಡುತ್ತಿದ್ದ ನನಗೆ ಉಣ್ಣೆಯ ಕಾಲ್ಚೀಲವನ್ನು ತಂದುಕೊಟ್ಟು, "ನಿಮ್ಮ ತಾಯಿ ಇಲ್ಲಿದ್ದಿದ್ದರೆ ನಿಮಗೆ ಬೈಯುತ್ತಿದ್ದರು" ಎಂದವಳು ಅವಳೇ.

ಹೆಸರನ್ನು ನಿಶ್ಚಯಿಸುವ ಸಮಿತಿಯಲ್ಲಿ ಡೀನರು, ಇಬ್ಬರು ಪ್ರಾಧ್ಯಾಪಕರು, ನಮ್ಮ ಇಂಜಿನಿಯರು, ಊರಿನ ಬ್ಯಾಂಕಿನ ಮ್ಯಾನೇಜರು, ಕಂಬದ ಖರ್ಚನ್ನು ಕೊಡಲು ಒಪ್ಪಿದ್ದ ಮುಸುಕಿನ ಜೋಳದ ಬೀಜದ ವರ್ತಕರು ಇವರಿದ್ದರು. ನಾನು ಕಾಫಿ ಬಡಿಸಲೂ ಯಂತ್ರವನ್ನು ತೋರಿಸಲೂ ಗೋಡೆಯ ಪಕ್ಕದಲ್ಲಿದ್ದೆ. ಬೆರಳಚ್ಚುಗಾರ್ತಿ ಮಾತುಗಳನ್ನು ಬರೆದುಕೊಳ್ಳಲು ಇನ್ನೊಂದು ಪಕ್ಕದಲ್ಲಿದ್ದಳು. ವರ್ತಕರ ಹೆಸರಿನ ಆದ್ಯಕ್ಷರಗಳನ್ನು ಇಡುವುದು ಕೃತಜ್ಞತೆಯ ಲಕ್ಷಣವೆಂದು ಡೀನರು ಸೂಚಿಸಿದರು. ಆ ದಿನ ನಾನು ಡೀನರನ್ನು ಮನಸ್ಸಿನಲ್ಲಿಯೇ ತಿರಸ್ಕರಿಸಿದೆ. ಹಣವಿಲ್ಲದ ಒಂದು ಸಣ್ಣ ಕಾಲೇಜನ್ನು ಮೂರು ಹೊತ್ತೂ ಬೇಡಿ ನಡೆಸುವವನ ಕಷ್ಟ ನನಗೆ ಅರಿವಾದದ್ದು ನಾನೇ ಒಂದು ಸಂಸ್ಥೆಯ ಹೊಣೆಯನ್ನು ಹೊತ್ತ ಮೇಲೆ. ವರ್ತಕರಾದರೋ ಅದನ್ನು ತಾವಾಗಿಯೇ ಬೇಡವೆಂದರು. ತಮ್ಮ ಹೆಸರನ್ನು ಚೀಲಗಳ ಮೇಲೆ ನೋಡಿ ನೋಡಿ ಬೇಸರವಾಗಿದೆಯೆಂದು ಅವರು ಹೇಳಿದುದು ಸತ್ಯವೆಂದೇ ಇಂದಿಗೂ ನಂಬಿದ್ದೇನೆ.

ಬಹಳ ಹೊತ್ತು ಮಾತು ಮುಂದಕ್ಕೆ ಹೋಗದೆ ನಿಂತಾಗ ಬೆರಳಚ್ಚುಗಾರ್ತಿ ಒಂದು ಚೀಟಿಯನ್ನು ಡೀನರ ಮುಂದೆ ಸರಿಸಿದಳು. ನದಿಗೆ ಸೇತುವೆ ಬರುವ ಮೊದಲು ಜನರನ್ನು ದಾಟಿಸುತ್ತಿದ್ದ ಹಳೆಯ ಉಗಿಹಡಗಿನ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಕೆಯ ಮುಂದೆ ಬರೆದಿದ್ದಳು. ಇಯರ್‌ಬುಕ್ಕಿನಲ್ಲಿ ಅದು ಖಾಲಿ. ಮೊಗಸಾಲೆಯ ಪರೀಕ್ಷೆಯಲ್ಲಿಯೂ ಗೆದ್ದದ್ದೆಂದು ಇಂಜಿನಿಯರು ತಲೆಯಾಡಿಸಿದರು. ಬ್ಯಾಂಕಿನವರು ತಮ್ಮ ಅಜ್ಜಿ ಮದುವೆಯಾಗಿ ಈ ದಡಕ್ಕೆ ಬಂದದ್ದು ಅದೇ ಹಡಗಿನಲ್ಲಿ ಎಂದರು. ಹತ್ತು ನಿಮಿಷದೊಳಗೆ ಎಲ್ಲರೂ ಒಪ್ಪಿದರು. ಚೀಟಿಯನ್ನು ಬರೆದವರಾರೆಂಬುದನ್ನು ಯಾರೂ ಕೇಳಲಿಲ್ಲ. ಕಾಲೇಜಿನ ಪತ್ರಿಕೆಯಲ್ಲಿ 'ಸಮಿತಿಯ ಸರ್ವಾನುಮತದ ಆಯ್ಕೆ' ಎಂದು ಅಚ್ಚಾಯಿತು. ಆ ವಾಕ್ಯವನ್ನು ಬೆರಳಚ್ಚು ಮಾಡಿದವಳೂ ಅವಳೇ. ನಮ್ಮಲ್ಲಿ ಯಾರಿಗೂ ಅದು ಅನ್ಯಾಯವೆಂದು ತೋರಲಿಲ್ಲ, ಬಹುಶಃ ಅವಳಿಗೂ ತೋರಲಿಲ್ಲ, ಮತ್ತು ಹಾಗೆ ತೋರದೆ ಹೋದುದೇ ಆ ಕಾಲದ ದೊಡ್ಡ ದೋಷವೆಂದು ನಾನು ಈಗ ತಿಳಿಯುತ್ತೇನೆ. ಊರಿನ ನೆನಪು ಇದ್ದದ್ದು ಮೇಜಿನ ಸುತ್ತ ಕುಳಿತವರ ಬಳಿಯಲ್ಲ. ಇನ್ನೂ ಒಂದು ಮಾತಿದೆ: ಹಳಿಯ ಆಚೆಗಿನ ಕೇರಿಯಲ್ಲಿದ್ದ ಕರಿಯ ಜನರ ಮನೆಗಳಿಗೂ ನಮ್ಮ ಹತ್ತು ವ್ಯಾಟು ಚೆನ್ನಾಗಿಯೇ ಮುಟ್ಟುತ್ತಿತ್ತು, ಅವರಲ್ಲಿ ಒಬ್ಬರನ್ನಾದರೂ ಕರೆದು, ಆ ಹಡಗು ನಿಮ್ಮನ್ನು ಯಾವ ಕಟ್ಟೆಯಲ್ಲಿ ಕೂರಿಸುತ್ತಿತ್ತು ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನದಿಯಾಚೆಯ ಒಂದು ಕೇಂದ್ರದವರು, ಕೊನೆಯ ಎರಡಕ್ಷರ ತಮ್ಮದನ್ನು ಹೋಲುತ್ತದೆಂದು ಆಕ್ಷೇಪಣೆಯನ್ನು ಕಳುಹಿಸಿದರು, ಕಾಗದಗಳು ಓಡಾಡಿದವು, ವಸಂತ ಬರುವಷ್ಟರಲ್ಲಿ ಕಮಿಷನ್ನು ನಮ್ಮ ಅಕ್ಷರಗಳನ್ನು ಮಂಜೂರು ಮಾಡಿತು. ಪ್ರಸಾರದ ಮೊದಲ ರಾತ್ರಿ ಮುಕ್ತಾಯದ ಘೋಷಣೆಯನ್ನು ನಾನು ಓದಬೇಕೆಂದು ಇಂಜಿನಿಯರು ಹೇಳಿದಾಗ, ಪರದೇಶದ ಉಚ್ಚಾರಣೆ ಜನಕ್ಕೆ ಹಿಡಿಸುವುದೋ ಇಲ್ಲವೋ ಎಂದು ಡೀನರು ಅನುಮಾನಿಸಿದರು. ಮೊಗಸಾಲೆಯಲ್ಲಿ ಈ ಹುಡುಗ ಓದಿದ್ದನ್ನು ಎಲ್ಲರೂ ಸರಿಯಾಗಿಯೇ ಬರೆದುಕೊಂಡರು ಎಂಬುದು ಮುದುಕರ ಉತ್ತರ. ನಾಲ್ಕು ಅಕ್ಷರ, ಊರಿನ ಹೆಸರು, ತರಂಗದ ಸಂಖ್ಯೆ, ಶಕ್ತಿ ಹತ್ತು ವ್ಯಾಟು: ಇಷ್ಟನ್ನು ಓದಿದೆ. ಓದುವಾಗ ನನಗೆ ನೆನಪಾದದ್ದು ಮೈಸೂರು.

ನಮ್ಮ ತಂದೆಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರ ವಿಷಯವನ್ನು ಪೂಜ್ಯಭಾವದಿಂದ ಹೇಳುತ್ತಿದ್ದರು. 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ, ಮೂವತ್ತು ವ್ಯಾಟಿನ ಒಂದು ಯಂತ್ರದಿಂದ, ಅವರು ಪ್ರಸಾರವನ್ನು ಆರಂಭಿಸಿದರು. ಸರ್ಕಾರದ ಅಪ್ಪಣೆಯಿಂದ ಹುಟ್ಟಿದ ಕೇಂದ್ರವಲ್ಲ, ಒಬ್ಬ ಅಧ್ಯಾಪಕರ ಉತ್ಸಾಹದಿಂದ ಹುಟ್ಟಿದ್ದು. ಆಕಾಶವಾಣಿ ಎಂಬ ಹೆಸರು ಅಲ್ಲಿ ರೂಢಿಗೆ ಬಂದು, 1950ರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ಬಾನುಲಿಯ ಹೆಸರಾಯಿತು. ಮೈಸೂರಿನವನಾದ ನನಗೆ ಅದರ ಬಗ್ಗೆ ಇದ್ದ ಹೆಮ್ಮೆ ಇಂದಿಗೂ ಕುಂದಿಲ್ಲ. ಆದರೆ ಒಂದು ಊರಿನ ಹೆಸರು ದೇಶಕ್ಕೆಲ್ಲ ಹರಡಿದ ಮೇಲೆ ಊರಿಗೆ ತನ್ನದೆಂಬ ಪ್ರತ್ಯೇಕ ಹೆಸರು ಉಳಿಯಲಿಲ್ಲವೆಂಬುದನ್ನೂ ಹೇಳಬೇಕು. ಮೈಸೂರು, ಧಾರವಾಡ, ಬೆಂಗಳೂರು ಎಲ್ಲವೂ ಒಂದೇ ಆಕಾಶವಾಣಿಯ ಶಾಖೆಗಳಾದವು. ಸಮುದಾಯ ಬಾನುಲಿಗಳು ಬಂದ ಮೇಲೆ ಆ ನಷ್ಟ ಸ್ವಲ್ಪ ತುಂಬಿಕೊಂಡಿತು. ಕೋಲಾರದ ಸೀಮೆಯ ಬೂದಿಕೋಟೆಯಲ್ಲಿ, ಆಕಾಶಮಾರ್ಗಕ್ಕೆ ಪರವಾನಗಿ ಇಲ್ಲದ ಕಾಲದಲ್ಲಿ ಕೇಬಲ್ಲಿನ ಮೂಲಕ ಮನೆಮನೆಗೆ ಮಾತನ್ನು ಮುಟ್ಟಿಸಿದ 'ನಮ್ಮ ಧ್ವನಿ', ಸರಗೂರಿನ 'ಜನಧ್ವನಿ', ಮಂಗಳೂರಿನ 'ಸಾರಂಗ್' ಇವುಗಳ ಹೆಸರನ್ನು ಕೇಳಿದಾಗ ಯಾರೋ ಕುಳಿತು ಯೋಚಿಸಿ ಇಟ್ಟ ಹೆಸರೆಂಬ ವಿಶ್ವಾಸ ಹುಟ್ಟುತ್ತದೆ.

ಮೊಮ್ಮಗಳಿಗೆ ನಾನು ಹೆಸರನ್ನು ಸೂಚಿಸಲಿಲ್ಲ. ಪಟ್ಟಿಯನ್ನು ಬದಿಗಿಟ್ಟು, ಕಾಲೇಜಿನ ಕಚೇರಿಯಲ್ಲಿ ಕಾಗದ ಪತ್ರ ನೋಡುವವರನ್ನೂ, ಮೈಕಿನ ಮುಂದೆ ಮಾತನಾಡಲಿರುವ ರೈತರನ್ನೂ, ಕೇರಿಯ ಹೆಣ್ಣುಮಕ್ಕಳನ್ನೂ ಒಂದು ಸಂಜೆ ಕರೆದು ಕೂರಿಸಿ ಕೇಳಬೇಕೆಂದೂ, ಅವರು ಹೇಳಿದ ಹೆಸರುಗಳನ್ನು ಗದ್ದಲದ ಬಸ್ ನಿಲ್ದಾಣದಲ್ಲಿ ಒಂದು ಅಗ್ಗದ ಫೋನಿನಲ್ಲಿ ಕೇಳಿನೋಡಬೇಕೆಂದೂ ಬರೆದೆ. ಗಂಟೆಗೊಮ್ಮೆ ಕೇಂದ್ರದ ಹೆಸರಿನೊಡನೆ ಊರಿನ ಹೆಸರನ್ನೂ ಹೇಳುವ ಪದ್ಧತಿಯನ್ನು, ಕಾನೂನು ಬೇಡಲಿ ಬಿಡಲಿ, ಇಟ್ಟುಕೊಳ್ಳಿರೆಂದು ಬರೆದೆ. ಇನ್ನೂ ಉತ್ತರ ಬಂದಿಲ್ಲ.

ನಮ್ಮ ಆ ಕೇಂದ್ರ ಈಗ ಇಲ್ಲ. ಹತ್ತು ವ್ಯಾಟಿನ ಕೇಂದ್ರಗಳು ಶಕ್ತಿಯನ್ನು ನೂರು ವ್ಯಾಟಿಗೆ ಏರಿಸಿಕೊಳ್ಳಬೇಕು, ಇಲ್ಲವಾದರೆ ದೊಡ್ಡವರಿಗೆ ದಾರಿ ಬಿಡಬೇಕು ಎಂಬ ನಿಯಮವನ್ನು ಕಮಿಷನ್ನು 1978ರಲ್ಲಿ ಮಾಡಿತು. ಕಾಲೇಜಿನ ಬಳಿ ಅದಕ್ಕೆ ಬೇಕಾದ ಹಣ ಇರಲಿಲ್ಲವೆಂದು ಇಂಜಿನಿಯರು ತಮ್ಮ ಕೊನೆಯ ಕಾಗದಗಳಲ್ಲೊಂದರಲ್ಲಿ ತಿಳಿಸಿದ್ದರು. ಅಕ್ಷರಗಳ ಬಗೆಗಿನ ಜಗಳಗಳನ್ನು ವಿಚಾರಿಸುವುದನ್ನೂ ಕಮಿಷನ್ನು 1983ರಲ್ಲಿ ಬಿಟ್ಟುಬಿಟ್ಟಿತು. ಬಿಟ್ಟುಕೊಟ್ಟ ಹೆಸರು ಕೆಲವು ಕಾಲದ ಮೇಲೆ ಇನ್ನೊಬ್ಬರಿಗೆ ದೊರೆಯಬಹುದು. ನಮ್ಮದೂ ಹಾಗೆಯೇ, ನದಿಯನ್ನೇ ಕಾಣದ ಒಂದು ಪಶ್ಚಿಮದ ರಾಜ್ಯದ ಭಜನೆಯ ಕೇಂದ್ರಕ್ಕೆ ಹೋಗಿದೆ. ಆ ಅಕ್ಷರಗಳು ಈಗ ಅವರವು, ಅವರ ಊರಿನ ಹೆಸರಿನೊಡನೆ ಗಂಟೆಗೊಮ್ಮೆ ನುಡಿಯುವವು. ಆದಕಾರಣ ಆ ನಾಲ್ಕನ್ನು ನಾನು ಈ ಬರಹದಲ್ಲಿ ಎಲ್ಲಿಯೂ ಬರೆಯಲಿಲ್ಲ.